ಮೆಟ್ಟಿಲ ಮೇಲೆ ಅಂದ ಹೂಂ

ಮೊದಲೇ ಒಂದು ಮಾತು. ಇದನ್ನು ಓದುತ್ತಾ ಓದುತ್ತಾ ಅಭ್ಯಾಸಬಲದಿಂದ ಹೂಂ ಅಂದುಬಿಡಬೇಡಿ. ನಿಮ್ಮೂರಲ್ಲಿ ಹೂಂ ಅಂದರೆ ಏನೂ ಆಗುವುದಿಲ್ಲವಂತೆ, ಒಂದೇ ಸುದ್ದಿಯನ್ನು ಹತ್ತು ಮನೆಗೆ ಹೇಳಿ ಬಂದರೂ ಹೇಳಿದವರ ಹತ್ತಿರ ಅದು ಹಾಗೇ ಇರುತ್ತದಂತೆ. ಪುಣ್ಯವಂತರು ನೀವು. ನಮ್ಮೂರಲ್ಲಿ ಹಾಗಲ್ಲ. ಹೇಳಿದ್ದಕ್ಕೆ ಕೇಳಿದವರು ಹೂಂ ಅಂದರೆ ಮುಗಿಯಿತು, ಅದು ಅವರದಾಯಿತು, ಹೇಳಿದವರ ತಲೆಯಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಹೂಂ ಅನ್ನದಿದ್ದರೆ ಹೇಳಿದವರ ಹತ್ತಿರವೇ ಇರುತ್ತದೆ, ಕೇಳಿದವರು ಮರುದಿನ ಬೆಳಗಾಗುವಷ್ಟರಲ್ಲಿ ಮರೆತಿರುತ್ತಾರೆ. ಬರೆದುಕೊಟ್ಟರೂ ಅಷ್ಟೇ, ಓದಿದವರು ಹೂಂ ಅಂದ ಕೂಡಲೇ ಕಾಗದ ಬೆಳ್ಳಗಾಗುತ್ತದೆ. ನನ್ನ ಹೆಸರು ದಮಯಂತಿ. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದು ಮೊನ್ನೆ ಶುಕ್ರವಾರ ರಿಟೈರ್ ಆದೆ. ಈ ಕಥೆ ನನಗೆ ಇನ್ನೂ ಬೇಕು, ಆದ್ದರಿಂದ ಬಾಯಿ ಮುಚ್ಚಿಕೊಂಡು ಓದಿ.

ಇದರಿಂದ ನಮಗೇನೋ ಮಹಾ ಕಷ್ಟವಿದೆ ಎಂದುಕೊಳ್ಳಬೇಡಿ. ಹುಟ್ಟಿದಾಗಿನಿಂದ ಇದ್ದದ್ದು, ಹೊಂದಿಕೊಂಡಿದ್ದೇವೆ. ನಮ್ಮ ಬೀದಿಯ ಮೂಲೆಮನೆ ಸುಬ್ಬಕ್ಕನಿಗೆ ಚಾಡಿ ಹೇಳದಿದ್ದರೆ ಅನ್ನ ಸೇರುವುದಿಲ್ಲ. ಒಂದು ಮನೆಯಲ್ಲಿ ಹೇಳಿದರೆ ಇನ್ನೊಂದು ಮನೆಗೆ ಉಳಿಯುವುದಿಲ್ಲವಲ್ಲ, ಅದಕ್ಕೆ ಅವಳು ಬೀದಿಯವರನ್ನೆಲ್ಲ ಜಗಲಿಯ ಮೇಲೆ ಒಟ್ಟಿಗೆ ಕೂರಿಸಿ ಒಂದೇ ಸಲಕ್ಕೆ ಹೇಳಿ ಮುಗಿಸುತ್ತಾಳೆ. ಮೇಷ್ಟರು ಪಾಠ ಹೇಳಿದರೆ ನಲವತ್ತು ಮಕ್ಕಳು ಹೂಂ ಅನ್ನುತ್ತವೆ, ಮೇಷ್ಟರ ತಲೆ ಖಾಲಿ. ಪರೀಕ್ಷೆಯಲ್ಲಿ ಮಕ್ಕಳು ಬರೆದದ್ದನ್ನು ಮೇಷ್ಟರು ಓದುತ್ತಾರೆ, ಆಗ ಪಾಠ ಮೇಷ್ಟರಿಗೆ ವಾಪಸ್ಸು, ಮಕ್ಕಳ ತಲೆ ಖಾಲಿ. ಇದು ನಿಮ್ಮೂರಲ್ಲೂ ಹೀಗೇ ಎಂದು ಕೇಳಿದ್ದೇನೆ. ದುಃಖವಿದ್ದವರು ಗಟ್ಟಿ ಎದೆಯವರನ್ನು ಹುಡುಕಿಕೊಂಡು ಹೋಗಿ ಹೇಳಿ ಹಗುರಾಗುತ್ತಾರೆ. ಇಟ್ಟುಕೊಳ್ಳಬೇಕಾದ್ದನ್ನು ಯಾರಿಗೂ ಹೇಳುವುದಿಲ್ಲ. ನಮ್ಮಜ್ಜಿ ತನ್ನ ಮದುವೆಯ ದಿನದ ಸಂಗತಿಯನ್ನು ನಾವು ಎಷ್ಟು ಪೀಡಿಸಿದರೂ ಬಾಯಿ ಬಿಡದೆ ತೆಗೆದುಕೊಂಡೇ ಹೋದಳು.

ಕೈಗೆ ಬಂದ ವಿದ್ಯೆ ಮಾತ್ರ ಹೋಗುವುದಿಲ್ಲ. ರೊಟ್ಟಿ ತಟ್ಟುವುದು, ಹೊಲಿಗೆ ಹಾಕುವುದು, ಸೂಜಿ ಚುಚ್ಚುವುದು ಕೈಯಲ್ಲಿರುತ್ತದೆ. ಹಾಗಾಗಿ ನಮ್ಮಲ್ಲಿ ಆಪರೇಷನ್ ಮಾಡುವ ಡಾಕ್ಟರುಗಳಿಗೆ ಏನೂ ತೊಂದರೆಯಿಲ್ಲ. ಹೊಟ್ಟೆ ಕೊಯ್ದು, ಸರಿಮಾಡಿ, ಹೊಲಿದು, ಹೊರಗೆ ಬಂದು ಮನೆಯವರಿಗೂ ವಾರ್ಡಿನ ಸಿಸ್ಟರಿಗೂ ಒಟ್ಟಿಗೇ ಹೇಳಿ ಕೈ ತೊಳೆದುಕೊಂಡರೆ ಆಯಿತು. ಆಮೇಲೆ ಅದು ಅವರ ತಲೆಯಲ್ಲಿರುವುದಿಲ್ಲ. ನಮ್ಮ ಡಾಕ್ಟರುಗಳಷ್ಟು ಚೆನ್ನಾಗಿ ನಿದ್ದೆ ಮಾಡುವ ಡಾಕ್ಟರುಗಳು ಬೇರೆಲ್ಲೂ ಇರಲಿಕ್ಕಿಲ್ಲ.

ಇನ್ನೊಂದು ಮರ್ಯಾದೆಯ ವಿಷಯವಿದೆ. ದೊಡ್ಡವರು ಮಾತಾಡುವಾಗ ತಡಮಾಡದೆ ಹೂಂ ಅನ್ನಬೇಕು. ತಡಮಾಡಿದರೆ ಸೊಕ್ಕು ಎಂದು ಅರ್ಥ. ಅದರಲ್ಲೂ ನಮ್ಮ ದೊಡ್ಡ ಸರ್ಜನ್ನು, ಡಾಕ್ಟರ್ ಚಂದ್ರಕೀರ್ತಿಯವರು, ನಡೆಯುತ್ತಲೇ ಮಾತಾಡುವವರು. ಅವರು ಆಪರೇಷನ್ ಥಿಯೇಟರಿನಿಂದ ಕ್ಯಾಂಟೀನಿಗೆ ನಡೆಯುವ ಹಾದಿಯಲ್ಲೇ ಎಲ್ಲ ಪೇಷಂಟುಗಳ ಕಥೆ ಮುಗಿಯಬೇಕು. ನಾವು ಪಕ್ಕದಲ್ಲಿ ಓಡುತ್ತಾ ಹೂಂ, ಹೂಂ, ಹೂಂ ಸರ್ ಅನ್ನುತ್ತಿದ್ದೆವು. ಯಾರು ಬೇಗ ಹೂಂ ಅನ್ನುತ್ತಾರೋ ಅವಳೇ ಚುರುಕಾದ ಸಿಸ್ಟರ್. ನಾನು ಬಹಳ ಚುರುಕಾಗಿದ್ದೆ.

ಇಪ್ಪತ್ನಾಲ್ಕು ವರ್ಷದ ಹಿಂದಿನ ಒಂದು ಮಂಗಳವಾರ. ಹಂಚಿನ ಕಾರ್ಖಾನೆಯಲ್ಲಿ ಪೇರಿಸಿದ್ದ ಹಂಚು ಕುಸಿದು ಗುಲಾಬಿ ಎಂಬ ಹೆಂಗಸಿನ ಹೊಟ್ಟೆಯ ಮೇಲೆ ಬಿದ್ದಿತ್ತು. ವಯಸ್ಸು ಮೂವತ್ತೂ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕರೆತಂದರು, ಡಾಕ್ಟರು ಹನ್ನೆರಡೂವರೆಯ ತನಕ ಆಪರೇಷನ್ ಮಾಡಿ ಉಳಿಸಿದರು. ನನ್ನದು ಅವತ್ತು ಮಧ್ಯಾಹ್ನದ ಡ್ಯೂಟಿ. ನಮ್ಮಲ್ಲಿ ಡ್ಯೂಟಿ ಬದಲಾಗುವುದು ಎರಡು ಗಂಟೆಗೆ, ಕಾರ್ಖಾನೆಯ ಸೈರನ್ ಕೂಗಿದಾಗ. ನಾನು ಮೆಟ್ಟಿಲು ಹತ್ತುತ್ತಿದ್ದೆ, ಡಾಕ್ಟರು ಇಳಿಯುತ್ತಿದ್ದರು. ಸೈರನ್ ಆಗಷ್ಟೇ ನಿಂತಿತ್ತು, ಮೇಲೆ ವಾರ್ಡಿನ ಫೋನು ಬಡಿದುಕೊಳ್ಳಲು ಶುರುವಾಯಿತು. ನನ್ನ ತಂಗಿಗೆ ಅವತ್ತು ಬೆಳಿಗ್ಗೆಯಿಂದ ಹೆರಿಗೆ ನೋವು, ಚೊಚ್ಚಲು. ಸುದ್ದಿ ಬಂದರೆ ಆ ಫೋನಿಗೇ ಬರಬೇಕು. ಡಾಕ್ಟರು ಎರಡು ಮೆಟ್ಟಿಲು ಮೇಲೆ ನಿಂತು ಗುಲಾಬಿಯ ವಿಷಯ ಏನೋ ಹೇಳಿದರು. ಅವರ ಬಾಯಿ ಆಡುವುದು ಕಾಣುತ್ತಿತ್ತು, ನನ್ನ ಕಿವಿ ಪೂರ್ತಿ ಮೇಲಿತ್ತು. ಫೋನು ನಿಂತುಹೋದರೆ ಏನು ಗತಿ ಎಂದು ಜೀವ ಕುಟ್ಟುತ್ತಿತ್ತು. ಹೂಂ ಸರ್, ಹೂಂ, ಅಂದೆ. ಅವರು ತಲೆಯಾಡಿಸಿ ಇಳಿದು ಹೋದರು. ನಾನು ಎರಡೆರಡು ಮೆಟ್ಟಿಲು ಹಾರಿ ಹೋಗಿ ಫೋನು ಎತ್ತಿದೆ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ವಾರ್ಡಿನವರಿಗೆಲ್ಲ ಕಲ್ಲುಸಕ್ಕರೆ ಹಂಚಿದೆ.

ಬುಧವಾರ ಗುಲಾಬಿ ಕಣ್ಣು ಬಿಟ್ಟಳು. ಗುರುವಾರ ಗಂಜಿ ಕುಡಿದಳು. ಶುಕ್ರವಾರ ಜ್ವರ ಬಂತು. ಡಾಕ್ಟರು ಬಂದು ನೋಡಿ ಎದೆಯಲ್ಲಿ ಕಫ ಕಟ್ಟಿರಬೇಕು ಎಂದು ಔಷಧಿ ಬದಲಾಯಿಸಿದರು. ಎಕ್ಸ್‌ರೇ ತೆಗೆಸಿದರು, ಅದರಲ್ಲಿ ಏನೂ ಕಾಣಲಿಲ್ಲ. ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ಡ್ಯೂಟಿಗೆ ಹೋದಾಗ ಅವಳ ಮೈ ಕಾದ ಹೆಂಚಾಗಿತ್ತು. ಹೊಟ್ಟೆ ಬಿಗಿದುಕೊಂಡಿತ್ತು. ಡಾಕ್ಟರು ಮತ್ತೆ ಬಂದರು, ಹುಬ್ಬು ಗಂಟಿಕ್ಕಿಕೊಂಡು ಬಹಳ ಹೊತ್ತು ನಿಂತರು. "ನನ್ನ ಕೈ ತಪ್ಪು ಮಾಡುವಂಥದ್ದಲ್ಲ ಕಣಮ್ಮ," ಅಂದರು, "ಆದ್ರೂ ಯಾಕೆ ಹೀಗಾಗ್ತಿದೆ?" ಸುಮ್ಮಸುಮ್ಮನೆ ಮತ್ತೆ ಹೊಟ್ಟೆ ಕೊಯ್ದರೆ ಆ ನಿತ್ರಾಣದಲ್ಲಿ ಅವಳು ಉಳಿಯುವುದಿಲ್ಲ, ಕೊಯ್ಯದೆ ಬಿಟ್ಟರೂ ಉಳಿಯುವ ಲಕ್ಷಣವಿರಲಿಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ಗುಲಾಬಿ ನನ್ನ ಸೆರಗು ಹಿಡಿದೆಳೆದಳು. "ಸಿಸ್ಟರ್, ಕೂತ್ಕೊಳ್ಳಿ. ನನ್ನ ಮಗಳ ವಿಷ್ಯ ಹೇಳ್ಬೇಕು. ಹೇಳ್ತೀನಿ, ಹೂಂ ಅನ್ನಿ." ನಮ್ಮೂರಲ್ಲಿ ಹೋಗುವವರು ಹೀಗೆಯೇ ಮಾಡುತ್ತಾರೆ. ಉಳಿದವರಿಗೆ ಬೇಕಾದ್ದನ್ನು ಒಬ್ಬರ ಕೈಗೆ ಒಪ್ಪಿಸಿ ಕಣ್ಣು ಮುಚ್ಚುತ್ತಾರೆ. ಗಂಡ ಹೋಗಿ ಎರಡು ವರ್ಷವಾಗಿತ್ತು, ನಾಲ್ಕು ವರ್ಷದ ಮಗಳನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಇನ್ನೂ ಆರು ಪೇಷಂಟುಗಳ ಸೂಜಿ ಬಾಕಿಯಿತ್ತು, ಆದರೂ ಕುಳಿತೆ. ಅವಳು ಒಂದೊಂದೇ ಮಾತು, ಉಸಿರೆಳೆದುಕೊಂಡು ಹೇಳಿದಳು. ಅವಳು ಏನು ಹೇಳಿದಳೋ ಮರುದಿನಕ್ಕೇ ನನ್ನ ಹತ್ತಿರ ಉಳಿಯಲಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ನಾನು ಕೇಳಿದ ಪ್ರಶ್ನೆಗಳು ಮಾತ್ರ ನೆನಪಿವೆ, ಅವು ನನ್ನವೇ ಅಲ್ಲವೇ. ಹಾಲಿನ ಕೆನೆ ತೆಗೆದುಕೊಡಬೇಕೋ ಹಾಗೇ ಕುಡಿಯುತ್ತಾಳೋ ಎಂದು ಕೇಳಿದೆ. ಎಡಗಿವಿಯೋ ಬಲಗಿವಿಯೋ ಎಂದು ಕೇಳಿದೆ. ನೋವಾದಾಗ ಅಳುತ್ತಾಳೋ ಸುಮ್ಮನಾಗುತ್ತಾಳೋ ಎಂದು ಕೇಳಿದೆ. ಅಷ್ಟು ವರ್ಷದ ಡ್ಯೂಟಿಯಲ್ಲಿ ನಾನು ಒಬ್ಬರನ್ನು ಮೂರು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಎಲ್ಲ ಹೇಳಿ ಮುಗಿಸಿ ಅವಳು ನನ್ನ ಬಾಯಿಯನ್ನೇ ನೋಡಿದಳು. ನನ್ನ ನಾಲಿಗೆಯ ತುದಿಗೆ ಹೂಂ ಬಂದಿತ್ತು. ಅಂದುಬಿಟ್ಟರೆ ಮಗಳೇ ಅವಳ ಮನಸ್ಸಿನಿಂದ ಹೋಗುತ್ತಾಳೆ, ಹಿಡಿದುಕೊಳ್ಳಲು ಏನೂ ಇಲ್ಲದೆ ಹಗುರಾಗಿ ಹೊರಟುಬಿಡುತ್ತಾಳೆ. ನೂರು ಸಲ ನೋಡಿದ್ದೇನೆ ಅದನ್ನು. ನನಗೆ ಇದ್ದಕ್ಕಿದ್ದ ಹಾಗೆ ಸಿಟ್ಟು ಬಂತು.

"ಅನ್ನಲ್ಲ," ಅಂದೆ. "ನಾನು ಹೂಂ ಅನ್ನಲ್ಲ ಕಣೇ. ನಿನ್ನ ಮಗಳನ್ನ ನೀನೇ ಇಟ್ಕೋ. ನನಗ್ಯಾಕೆ ಒಪ್ಪಿಸ್ತೀಯಾ?"

"ಅಯ್ಯೋ, ಅನ್ನಿ ಸಿಸ್ಟರ್. ದಮ್ಮಯ್ಯ."

"ಸುತರಾಂ ಇಲ್ಲ. ನೀನು ಸತ್ರೆ ಅವಳ ಕಿವಿ ನೋವು ಯಾರಿಗೂ ಗೊತ್ತಿರಲ್ಲ. ಅದಕ್ಕೇ ಬದುಕು." ಪೇಷಂಟಿನ ಹತ್ತಿರ ಆಡುವ ಮಾತೇ ಅದು? ಆದರೆ ಆಡಿದೆ. ಅವಳು ಕಣ್ಣು ಮುಚ್ಚಿ ಅಳತೊಡಗಿದಳು, ನಾನು ಎದ್ದು ಬಂದೆ.

ವರಾಂಡಕ್ಕೆ ಬಂದು ನಿಂತೆ. ಒಂದು ಹೂಂ ಎಷ್ಟು ಭಾರದ್ದು ಎಂದು ಆವತ್ತೇ ನನಗೆ ಗೊತ್ತಾದದ್ದು. ಹಾಗೆ ಯೋಚಿಸುತ್ತಿರುವಾಗಲೇ ಇನ್ನೊಂದು ನೆನಪಾಯಿತು. ಮಂಗಳವಾರ ಮೆಟ್ಟಿಲ ಮೇಲೆ ನಾನೊಂದು ಹೂಂ ಅಂದಿದ್ದೆ. ಗುಲಾಬಿಯ ವಿಷಯಕ್ಕೇ ಅಂದಿದ್ದೆ. ಯಾವುದಕ್ಕೆ ಅಂದೆ? ತಲೆ ಚಚ್ಚಿಕೊಂಡರೂ ಫೋನಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ. ನಾನು ಕೇಳಿಸಿಕೊಂಡಿರಲಿಲ್ಲ, ಆದರೆ ಹೂಂ ಅಂದಿದ್ದೆ. ಡಾಕ್ಟರ ಹತ್ತಿರದಿಂದ ಅದು ಹೊರಟಿತ್ತು, ನನ್ನ ಹತ್ತಿರ ಬಂದು ಸೇರಿರಲಿಲ್ಲ. ಲೋಕದಲ್ಲಿ ಅದು ಯಾರ ಹತ್ತಿರವೂ ಇರಲಿಲ್ಲ.

ಥಿಯೇಟರ್ ಸಿಸ್ಟರ್ ಹತ್ತಿರ ಓಡಿದೆ. ಅವಳು ಕಣ್ಣು ಕಣ್ಣು ಬಿಟ್ಟಳು. ಆಪರೇಷನ್ನಿನಲ್ಲಿ ಏನೇನಾಯಿತು ಎಂದು ಅವಳು ಆಗಲೇ ಡಾಕ್ಟರಿಗೆ ಒಪ್ಪಿಸಿದ್ದಳು, ಡಾಕ್ಟರು ಹೂಂ ಅಂದಿದ್ದರು, ಅವಳದು ಅಲ್ಲಿಗೇ ಮುಗಿದಿತ್ತು. ಅರಿವಳಿಕೆ ಕೊಡುವ ಡಾಕ್ಟರು ಗುಲಾಬಿಯ ಉಸಿರು ನೋಡುತ್ತಿದ್ದರೇ ಹೊರತು ಹೊಟ್ಟೆಯನ್ನಲ್ಲ. ಕೇಸ್ ಶೀಟ್ ಬೆಳ್ಳಗಿತ್ತು, ಡಾಕ್ಟರು ಬರೆಯುವವರೇ ಅಲ್ಲ. ಬಾಯಿಂದ ಬಾಯಿಗೆ ಹೋಗುವುದೆಲ್ಲ ಹೋಗಿಯಾಗಿತ್ತು. ಬಾಯಿಯಿಲ್ಲದ್ದು ಏನಾದರೂ ಉಳಿದಿದೆಯೇ ಎಂದು ಯೋಚಿಸುತ್ತಾ ಹಿತ್ತಲ ಬಾಗಿಲು ದಾಟಿದೆ. ಅಲ್ಲಿ ದ್ಯಾವಮ್ಮ ಇದ್ದಳು.

ದ್ಯಾವಮ್ಮ ಥಿಯೇಟರಿನ ಬಟ್ಟೆಗಳನ್ನು ಕುದಿಸಿ ಒಗೆದು ಒಣಹಾಕುವವಳು. ಆಪರೇಷನ್ನಿನಲ್ಲಿ ರಕ್ತ ಒತ್ತಿ ಹಿಡಿಯಲು ಕೈವಸ್ತ್ರದಷ್ಟಗಲದ ದಪ್ಪ ಬಟ್ಟೆಗಳಿರುತ್ತವೆ. ನಾವು ಅವನ್ನು ಹೊಟ್ಟೆ ಬಟ್ಟೆ ಎನ್ನುತ್ತೇವೆ. ಒಟ್ಟು ಹನ್ನೆರಡು. ಅವಳ ತಂತಿಯಲ್ಲಿ ಅವಕ್ಕೆಂದೇ ಹನ್ನೆರಡು ಮರದ ಕ್ಲಿಪ್ಪುಗಳು, ಒಂದು ಬಟ್ಟೆಗೆ ಒಂದು. ಹತ್ತು ಬಟ್ಟೆ ಬಿಸಿಲಿಗೆ ಹಾರಾಡುತ್ತಿದ್ದವು. ತಂತಿಯ ಕೊನೆಯಲ್ಲಿ ಎರಡು ಕ್ಲಿಪ್ಪು ಏನನ್ನೂ ಹಿಡಿಯದೆ ಸುಮ್ಮನೆ ಕೂತಿದ್ದವು.

"ಅವೆರಡು ಯಾಕೆ ಖಾಲಿ ದ್ಯಾವಮ್ಮ?"

"ಬಟ್ಟೆ ಬಂದಿಲ್ಲ, ಅದ್ಕೇ ಖಾಲಿ. ಮಂಗ್ಳವಾರದಿಂದ ಹಂಗೇ ಅವೆ."

"ಅಯ್ಯೋ ಮಾರಾಯ್ತಿ, ಹೇಳಬಾರದಿತ್ತಾ ಯಾರಿಗಾದ್ರೂ?"

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ನೀವು ಬಂದು ಕೇಳಿದ್ರಾ? ಹೇಳಿದ್ರೆ ನನ್ನಿಂದ ಹೊಂಟೋಯ್ತದೆ, ನೀವು ಹೂಂ ಅಂದು ಎಲ್ಲೋ ಬಿಸಾಕ್ತೀರಿ. ಕ್ಲಿಪ್ಪು ಇದ್ರೆ ನಾಳಿಕ್ಕೂ ಇರ್ತದೆ. ಯಾರಾದ್ರೂ ನೋಡ್ಲಿ ಅಂತ ಬಿಟ್ಟಿದ್ದೆ." ಈ ಮಾತಿಗೆ ನಾನು ಹೂಂ ಅಂದೆ, ಪೂರ್ತಿ ಕೇಳಿ ಅಂದೆ. ಅದಕ್ಕೇ ಅದು ಇನ್ನೂ ನನ್ನ ಹತ್ತಿರವಿದೆ, ದ್ಯಾವಮ್ಮ ಹೋಗಿ ಹತ್ತು ವರ್ಷವಾದರೂ.

ಎರಡೂ ಕ್ಲಿಪ್ಪು ಕಿತ್ತುಕೊಂಡು ಕ್ಯಾಂಟೀನಿಗೆ ಓಡಿದೆ. ಡಾಕ್ಟರು ಮೊಸರನ್ನ ಕಲಸುತ್ತಿದ್ದರು. ಕ್ಲಿಪ್ಪುಗಳನ್ನು ಅವರ ಎಲೆಯ ಪಕ್ಕದಲ್ಲಿಟ್ಟೆ. "ಸರ್, ಮಂಗಳವಾರ ಮೆಟ್ಟಿಲ ಮೇಲೆ ನೀವು ನನಗೇನೋ ಹೇಳಿದ್ರಿ. ನಾನು ಕೇಳಿಸ್ಕೊಳ್ಳದೆ ಹೂಂ ಅಂದೆ. ಎರಡು ಬಟ್ಟೆ ಇನ್ನೂ ಗುಲಾಬಿ ಹೊಟ್ಟೆಯಲ್ಲಿವೆ ಸರ್. ರಕ್ತ ನಿಲ್ಲಲಿ ಅಂತ ನೀವೇ ಇಟ್ಟಿರ್ತೀರಿ. ತೆಗೆಯೋ ದಿನ ಯಾವತ್ತು ಅಂತ ಹೇಳಿರ್ತೀರಿ." ಅವರ ಮುಖದಿಂದ ರಕ್ತ ಇಳಿದುಹೋಯಿತು. ಬೈಯಲಿಲ್ಲ. ಹೂಂ ಅನ್ನಲೂ ಇಲ್ಲ. ಎಲೆ ಮಡಚದೆ ಎದ್ದು, "ನಡಿ," ಅಂದರು. ಸೈರನ್ ಕೂಗುವಾಗ ಗುಲಾಬಿ ಥಿಯೇಟರಿನೊಳಗಿದ್ದಳು. ಮೂರೂಕಾಲಿಗೆ ಎರಡು ಬಟ್ಟೆ ಹೊರಗೆ ಬಂದವು. ಸೋಮವಾರ ಜ್ವರ ಇಳಿಯಿತು, ಮುಂದಿನ ವಾರ ಅವಳು ಗೋಡೆ ಹಿಡಿದು ಕಿಟಕಿಯ ತನಕ ನಡೆದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಬೇಕಿರಲಿಲ್ಲ. ಭಾನುವಾರ ಮಧ್ಯಾಹ್ನ ಡಾಕ್ಟರು ಕ್ಯಾಂಟೀನಿನ ಹೊರಗಿನ ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ಕರೆದರು. ಅಷ್ಟು ದೊಡ್ಡ ಮನುಷ್ಯ, ಕಣ್ಣು ಕೆಂಪಾಗಿತ್ತು. "ಬಟ್ಟೆ ಇಟ್ಟಿದ್ದನ್ನ ನಾನು ಯಾರಿಗೂ ಹೇಳದೇ ಹೋದ್ನಲ್ಲಮ್ಮ," ಅಂದರು. "ಒಂದು ಜೀವ ತೆಗೀತಿದ್ದೆ. ಇಷ್ಟು ವರ್ಷದಲ್ಲಿ ಹೀಗೆ ಮಾಡಿರಲಿಲ್ಲ." ನಾನು ಹಿಂದಿನ ದಿನ ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಅವರು ಹೂಂ ಅಂದಿರಲಿಲ್ಲವಲ್ಲ, ಬೆಳಗಾಗುವಷ್ಟರಲ್ಲಿ ಹೋಗಿತ್ತು. ಇಲ್ಲ ಸರ್, ನೀವು ಹೇಳಿದ್ರಿ, ನಾನು ಕೇಳಲಿಲ್ಲ ಅನ್ನಬೇಕಿತ್ತು. ಬಾಯಿಯವರೆಗೆ ಬಂತು. ಕೆಲಸ ಹೋಗುತ್ತದೆ ಎಂಬ ಭಯವೋ, ಮಾನದ ಭಯವೋ, ಅವರ ಮುಖ ನೋಡಿ ಆದ ಸಂಕಟವೋ, ನಾನು ಅಂದದ್ದು ಇಷ್ಟೇ: ಹೂಂ.

ಅವರ ಮುಖ ನೋಡುತ್ತಿದ್ದ ಹಾಗೇ ತಿಳಿಯಾಯಿತು. ಇಲ್ಲಿ ಯಾಕೆ ಕೂತಿದ್ದೀನಿ ಎಂದು ಅವರಿಗೇ ಗೊತ್ತಾಗಲಿಲ್ಲ. ಎದ್ದು, ಪಂಚೆ ಕೊಡವಿ, "ಕಾಫಿ ಆಯ್ತೇನಮ್ಮ?" ಎಂದು ಕೇಳಿ ಒಳಗೆ ಹೋದರು. ಅವತ್ತಿನಿಂದ ನನ್ನ ಹತ್ತಿರ ಎರಡಿವೆ. ನನ್ನ ತಪ್ಪು ಒಂದು, ಅವರು ಮಾಡದೆಯೇ ತಮ್ಮದೆಂದುಕೊಂಡ ತಪ್ಪು ಇನ್ನೊಂದು. ಅವರನ್ನು ಹಗುರ ಮಾಡಿದೆ ಎಂದು ಕೆಲವು ದಿನ ಸಮಾಧಾನ ಮಾಡಿಕೊಂಡೆ. ನಾನು ಪಾರಾದೆ ಎಂಬುದೂ ಅದರಲ್ಲೇ ಇತ್ತು, ಅದನ್ನು ನನ್ನ ಹತ್ತಿರವೇ ಮುಚ್ಚಿಡಲಾಗಲಿಲ್ಲ.

ಯಾರಿಗಾದರೂ ಹೇಳಿ ಹಗುರಾಗಬಹುದಿತ್ತು. ಸುಬ್ಬಕ್ಕ ಕುಣಿದುಕೊಂಡು ಹೂಂ ಅನ್ನುತ್ತಿದ್ದಳು. ಹೇಳಲಿಲ್ಲ. ಹೇಳಿದರೆ ಮರುದಿನವೇ ನಾನು ಮತ್ತೆ ಮೆಟ್ಟಿಲ ಮೇಲೆ ಹೂಂ ಹೂಂ ಅನ್ನುವ ಚುರುಕು ಸಿಸ್ಟರ್ ಆಗಿಬಿಡುತ್ತಿದ್ದೆ. ಬದಲಿಗೆ ಸೋಮವಾರ ಮಧ್ಯಾಹ್ನ ಡಾಕ್ಟರು ನಡೆಯುತ್ತಾ ಹರ್ನಿಯಾ ಪೇಷಂಟಿನ ಕಥೆ ಶುರುಮಾಡಿದಾಗ ನಾನು ನಿಂತುಬಿಟ್ಟೆ.

"ಹಾಸಿಗೆ ಹತ್ರ ಬನ್ನಿ ಸರ್. ಅಲ್ಲಿ ಹೇಳಿ."

"ಇಲ್ಲೇ ಹೇಳ್ತಿದ್ದೀನಲ್ಲಮ್ಮ, ಹೂಂ ಅನ್ನು."

"ಇನ್ನೂ ಇಲ್ಲ ಸರ್."

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರ ಕಿವಿ ಕೆಂಪಾಯಿತು. ಸೊಕ್ಕು ಅಂದರು. ಆದರೆ ಹೂಂ ಸಿಗದೆ ಆ ಹರ್ನಿಯಾ ಅವರ ತಲೆಯಿಂದ ಇಳಿಯುವ ಹಾಗಿರಲಿಲ್ಲ, ಊಟಕ್ಕೂ ಹೋಗುವ ಹಾಗಿರಲಿಲ್ಲ. ಗೊಣಗುತ್ತಾ ಬಂದರು. ಪೇಷಂಟಿನ ಹಾಸಿಗೆಯ ಪಕ್ಕ ಸ್ಟೂಲು ಹಾಕಿ ಕೂರಿಸಿದೆ. ಅವರು ಹೇಳಿದರು. ನಾನು ಅದನ್ನೇ ಮೊದಲಿಂದ ಕೊನೆಯ ತನಕ ಅವರಿಗೆ ತಿರುಗಿ ಹೇಳಿದೆ, ಎರಡು ಕಡೆ ತಪ್ಪಿದೆ, ಅವರು ತಿದ್ದಿದರು. ಒಂದು ಪ್ರಶ್ನೆ ಕೇಳಿದೆ. ಪೇಷಂಟಿನ ಮೈ ಮುಟ್ಟಿ ನೋಡಿದೆ. "ನಿನ್ನದೇನಾದ್ರೂ ಉಂಟೇನಪ್ಪ?" ಎಂದು ಅವನನ್ನೂ ಕೇಳಿದೆ. ಆಮೇಲೆ ಹೂಂ ಅಂದೆ.

ಗಲಾಟೆ ಏನೂ ಕಡಿಮೆಯಾಗಲಿಲ್ಲ. ಎರಡೂವರೆಯಾದರೂ ಬೆಳಗಿನ ಡ್ಯೂಟಿಯವರು ಮನೆಗೆ ಹೋಗುವಂತಿಲ್ಲ ಎಂದು ಸಿಸ್ಟರುಗಳೇ ನನ್ನ ಮೇಲೆ ಹರಿಹಾಯ್ದರು. ಸಾಂಬಾರು ಆರುತ್ತದೆ ಎಂದು ಕ್ಯಾಂಟೀನಿನವನು ಮುಖ ಊದಿಸಿದ. ನಾನು ಮೊಂಡಿ, ಬಿಡಲಿಲ್ಲ. ದ್ಯಾವಮ್ಮನಿಂದ ಒಂದು ಡಬ್ಬಿ ಕ್ಲಿಪ್ಪು ತಂದು ವಾರ್ಡಿನಲ್ಲಿಟ್ಟೆ. ಪೇಷಂಟಿನ ಮೈಯೊಳಗೆ ಏನೇ ಬಿಟ್ಟಿರಲಿ, ಬಟ್ಟೆಯೋ ಕೊಳವೆಯೋ, ಒಂದೊಂದಕ್ಕೆ ಒಂದೊಂದು ಕ್ಲಿಪ್ಪು ಮಂಚದ ಕಂಬಿಗೆ. ಅದು ಹೊರಗೆ ಬಂದ ಮೇಲೆಯೇ ಕ್ಲಿಪ್ಪು ತೆಗೆಯಬೇಕು. ಯಾರು ಹೂಂ ಅಂದರೂ ಕ್ಲಿಪ್ಪು ಹೋಗುವುದಿಲ್ಲ. ಮಳೆಗಾಲದ ಹೊತ್ತಿಗೆ ಒಬ್ಬ ಮುದುಕರ ಮಂಚದಲ್ಲಿ ಒಂದು ಕ್ಲಿಪ್ಪು ಹೆಚ್ಚಿಗೆ ಉಳಿದಿತ್ತು. ಯಾಕೆಂದು ಹುಡುಕಿದರೆ ಎಲ್ಲರೂ ತೆಗೆದಾಯಿತೆಂದುಕೊಂಡಿದ್ದ ಕೊಳವೆಯ ತುಂಡೊಂದು ಒಳಗೇ ಇತ್ತು. ಮರುದಿನ ಥಿಯೇಟರಿನಿಂದ ಬರುವಾಗ ಡಾಕ್ಟರು ತಮ್ಮ ಕೋಟಿನ ಅಂಚಿಗೆ ಮೂರು ಕ್ಲಿಪ್ಪು ಸಿಕ್ಕಿಸಿಕೊಂಡೇ ಬಂದರು, ಕೂತುಕೊಳ್ಳಲು ಸ್ಟೂಲನ್ನೂ ಅವರೇ ಎಳೆದುಕೊಂಡರು. ರಿಟೈರ್ ಆಗುವ ತನಕ ಮತ್ತೆ ಮೆಟ್ಟಿಲ ಮೇಲೆ ಮಾತಾಡಲಿಲ್ಲ. ಈಗ ಮೂರೂ ವಾರ್ಡುಗಳಲ್ಲಿ ಹೀಗೆಯೇ. ಹೊಸದಾಗಿ ಸೇರಿದವರಿಗೆ ಇದು ಹಿಂದಿನಿಂದಲೂ ಇದ್ದ ಪದ್ಧತಿಯೇ ಅನ್ನಿಸುತ್ತದೆ.

ಡಾಕ್ಟರು ತೀರಿಕೊಳ್ಳುವ ಮೊದಲು ಎರಡು ಸಲ ಅವರ ಮನೆಯ ಗೇಟಿನ ತನಕ ಹೋಗಿ ವಾಪಸ್ಸು ಬಂದೆ. ಗುಲಾಬಿಗೆ ಹೇಳಬೇಕೆಂದೂ ಎಷ್ಟೋ ಸಲ ಅಂದುಕೊಂಡೆ. ಮೊದಲೆಲ್ಲ ಸಂತೆಯಲ್ಲಿ ಕಂಡರೆ ಓಡಿ ಬಂದು ಕೈ ಹಿಡಿದುಕೊಳ್ಳುತ್ತಿದ್ದಳು. ಆರು ವರ್ಷದಿಂದ ಏನಾಯಿತೋ, ಎದುರಿಗೇ ಬಂದರೂ ಎಲ್ಲೋ ನೋಡಿದ ಹಾಗಿದೆ ಎಂಬಂತೆ ಸಣ್ಣಗೆ ನಕ್ಕು ಹೋಗುತ್ತಾಳೆ. ಗೊತ್ತಾಗಿರಬೇಕು ಇವಳಿಗೆ, ಅದಕ್ಕೇ ಮುಖ ತಿರುಗಿಸುತ್ತಾಳೆ ಎಂದು ನಾನು ಒಳಗೊಳಗೇ ಸಾಯುತ್ತಿದ್ದೆ.

ನನ್ನ ಜಾಗಕ್ಕೆ ಬಂದದ್ದು ಪಾರಿಜಾತ. ಅವಳು ಯಾರೆಂದು ಬೇರೆ ಹೇಳಬೇಕೇ? ಅದೇ ನಾಲ್ಕು ವರ್ಷದ ಮಗಳು, ಈಗ ಇಪ್ಪತ್ತೆಂಟು. ಆರು ವರ್ಷದಿಂದ ನಮ್ಮ ಆಸ್ಪತ್ರೆಯಲ್ಲೇ ಮಕ್ಕಳ ವಾರ್ಡಿನಲ್ಲಿದ್ದಳು. ಅವಳಿಗೆ ವಾರ್ಡು ಒಪ್ಪಿಸಬೇಕು ಎಂದು ಆರ್ಡರ್ ಬಂದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲವನ್ನೂ ಒಪ್ಪಿಸಿ ಅದೊಂದನ್ನು ಮಾತ್ರ ಕದ್ದು ಮನೆಗೆ ತೆಗೆದುಕೊಂಡು ಹೋಗುವುದೇ? ಅದೂ ಅವಳಿಂದ?

ಶುಕ್ರವಾರ ಎರಡು ಗಂಟೆ. ಸೈರನ್ ನಿಂತಿತು. ಹದಿನೆಂಟು ಮಂಚದ ಹತ್ತಿರವೂ ಕೂತು, ಅವಳು ತಿರುಗಿ ಹೇಳಿ, ಮುಟ್ಟಿ ನೋಡಿ, ಹೂಂ ಅನ್ನುವಷ್ಟರಲ್ಲಿ ಮೂರೂವರೆ. ನನ್ನ ತಲೆ ತೊಳೆದ ಪಾತ್ರೆಯ ಹಾಗೆ ಖಾಲಿಯಾಗಿತ್ತು. ಕೊನೆಗೆ ಹಿಂದೆ ಗುಲಾಬಿ ಮಲಗಿದ್ದ ಕಿಟಕಿ ಪಕ್ಕದ ಮಂಚದ ಹತ್ತಿರ ಬಂದೆವು. ಮಂಚ ಖಾಲಿಯಿತ್ತು. "ಇನ್ನೊಂದಿದೆ ಕಣಮ್ಮ, ಕೂತ್ಕೋ," ಅಂದೆ. ಹೇಳಿದೆ. ಈಗ ನಿಮಗೆ ಹೇಳಿದ್ದನ್ನೆಲ್ಲ, ಇದಕ್ಕಿಂತ ಕೆಟ್ಟದಾಗಿ, ಮಧ್ಯೆ ಮಧ್ಯೆ ಅಳುತ್ತಾ ಹೇಳಿದೆ. ಅವಳು ಅಲುಗಾಡದೆ ಕೇಳಿದಳು. ಮುಗಿದ ಮೇಲೆ ಪದ್ಧತಿಯ ಪ್ರಕಾರ ತಿರುಗಿ ಹೇಳಿದಳು, ಧ್ವನಿ ಒಂದು ಚೂರೂ ಏರಲಿಲ್ಲ. "ಮೆಟ್ಟಿಲ ಮೇಲೆ ಕೇಳದೆ ಅಂದ ಹೂಂ ಒಂದು. ಕಲ್ಲುಬೆಂಚಿನ ಹತ್ರ ಕೇಳಿ ಅಂದ ಹೂಂ ಒಂದು. ಮೊದಲನೇದರಿಂದ ಅಮ್ಮ ಸಾಯ್ತಿದ್ಲು. ಎರಡನೇದರಿಂದ ತಪ್ಪು ಡಾಕ್ಟರ ಹೆಸರಲ್ಲಿ ಉಳೀತು. ಸರಿನಾ?"

"ಸರಿ," ಅಂದೆ.

"ಒಂದು ಪ್ರಶ್ನೆ. ಫೋನಲ್ಲಿ ಏನು ಬಂತು?"

"ನನ್ನ ತಂಗಿಗೆ ಹೆಣ್ಣು ಮಗು."

ಅವಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಕಿಟಕಿಯಾಚೆ ನೋಡಿದಳು. ಅಲ್ಲಿ ತಂತಿಯ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ, ಆವತ್ತು ಅವಳಮ್ಮ ನನ್ನ ಬಾಯಿಯನ್ನು ನೋಡಿದ ಹಾಗೆ.

"ನಾನು ಹೂಂ ಅನ್ನಲ್ಲ ಸಿಸ್ಟರ್," ಅಂದಳು.

"ಯಾಕಮ್ಮ? ಅಷ್ಟು ಕೋಪವಾ?"

"ಕೋಪ ಬಂತು, ಸುಳ್ಳು ಹೇಳಲ್ಲ. ನಾಳೆ ಬೆಳಿಗ್ಗೆ ಇರಲ್ಲ ಅದು, ನಾನು ಹೂಂ ಅಂದಿಲ್ವಲ್ಲ. ನನ್ನ ಹತ್ರ ಆಗಲೇ ಒಂದಿದೆ. ನಾನು ಕೆಲಸಕ್ಕೆ ಸೇರಿದ ದಿನ ಅಮ್ಮ ನನ್ನನ್ನ ಕೂರಿಸ್ಕೊಂಡು ಕೊಟ್ಟಿದ್ದು. ಒಬ್ಬಳು ಸಿಸ್ಟರ್ ಇದ್ಲು, ಸಾಯೋಕೆ ಹೊರಟ ನನ್ನ ಹತ್ರ ಕೂತು ಮೂರು ಪ್ರಶ್ನೆ ಕೇಳಿದ್ಲು, ಎಷ್ಟು ಬೇಡಿದ್ರೂ ಹೂಂ ಅನ್ಲಿಲ್ಲ, ನಿನ್ನ ಮಗಳನ್ನ ನೀನೇ ಇಟ್ಕೋ ಅಂತ ಬೈದ್ಲು, ಆ ಸಿಟ್ಟಿಗೇ ನಾನು ಬದುಕ್ದೆ, ನೀನೂ ಅಂಥ ಸಿಸ್ಟರ್ ಆಗು ಅಂದ್ಲು. ನಾನು ಹೂಂ ಅಂದೆ. ಅದಕ್ಕೇ ಅಮ್ಮನಿಗೆ ಈಗ ನೀವು ಯಾರು ಅಂತ ಗೊತ್ತಾಗಲ್ಲ. ನಿಮ್ಮನ್ನ ಪೂರ್ತಿ ನನಗೆ ಕೊಟ್ಟುಬಿಟ್ಲು."

ಆರು ವರ್ಷ ಆ ಸಣ್ಣ ನಗುವನ್ನು ನಾನು ಏನೇನೋ ಮಾಡಿಕೊಂಡು ಕೊರಗಿದ್ದೆ.

"ವಾರ್ಡಿಗೆ ಬೇಕಾದ್ದು ಆ ಕ್ಲಿಪ್ಪಿನ ಡಬ್ಬೀಲಿದೆ," ಅಂದಳು ಪಾರಿಜಾತ. "ಇದು ವಾರ್ಡಿನದಲ್ಲ, ನಿಮ್ಮದು. ಇಟ್ಕೊಳ್ಳಿ. ಇಟ್ಕೊಂಡಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು." ಎದ್ದು ನಿಂತವಳು ಮತ್ತೆ ಕೂತಳು. "ಎಡಗಿವಿ, ಸಿಸ್ಟರ್."

"ಏನದು?"

"ನೀವು ಕೇಳಿದ್ರಲ್ಲ ಅಮ್ಮನ್ನ, ಎಡಗಿವಿನೋ ಬಲಗಿವಿನೋ ಅಂತ. ಎಡಗಿವಿ. ನೋವಾದ್ರೆ ನಾನು ಅಳ್ತಿರಲಿಲ್ಲ, ಸುಮ್ಮನಾಗ್ತಿದ್ದೆ. ಹಾಲಿನ ಕೆನೆ ತೆಗೀಬೇಕಿತ್ತು."

ಹೂಂ ಎಂದು ಬಾಯಿ ತೆರೆದೆ, ತಡೆದುಕೊಂಡೆ. ಅವಳ ಎಡಗಿವಿಯ ಹಿಂದೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದೆ. "ಎಡಗಿವಿ. ಅಳಲ್ಲ, ಸುಮ್ಮನಾಗ್ತಾಳೆ. ಕೆನೆ ತೆಗೀಬೇಕು," ಎಂದು ತಿರುಗಿ ಹೇಳಿದೆ. "ಈಗಲೂ ನೋಯುತ್ತಾ?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಹೂಂ ಅಂದೆ.

ಅವಳು ಒಂದು ಗಳಿಗೆ ನನ್ನ ಕೈಯನ್ನೂ ನನ್ನ ಮುಖವನ್ನೂ ನೋಡಿದಳು, ಈ ಮುದುಕಿ ನನ್ನ ಕಿವಿ ಯಾಕೆ ಹಿಡಿದುಕೊಂಡಿದ್ದಾಳೆ ಎಂಬಂತೆ. ಆಮೇಲೆ ಇಬ್ಬರೂ ನಕ್ಕುಬಿಟ್ಟೆವು. ಯಾರೋ ಪೇಷಂಟು ಕರೆದರು, ಅವಳು ಹೋದಳು. ನಾನು ಮೆಟ್ಟಿಲು ಇಳಿದು ಮನೆಗೆ ಬಂದೆ. ಇಡೀ ವಾರ್ಡನ್ನು ಕೊಟ್ಟು ಬಂದ ದಿನ, ಒಂದು ಮಗುವಿನ ಕಿವಿನೋವನ್ನು ತೆಗೆದುಕೊಂಡು ಬಂದೆ.